ಆರುವ ಮೊದಲೇ ತೆಗೆದ ಗಾಜು

ಕಳೆದ ತಿಂಗಳು ಬಸ್ಸು ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಳಿದಾಗ ಕಿಟಕಿಯಿಂದ ಭತ್ತದ ಹೊಟ್ಟು ಸುಡುವ ವಾಸನೆ ಬಂತು. ರಸ್ತೆ ಬದಿಯ ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡೆಯೊಂದು ಸಣ್ಣಗೆ ಹೊಗೆಯಾಡುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಟಕಿ ಎಳೀರಿ ಅಕ್ಕಾ, ಕೆಮ್ಮು ಬರ್ತೈತಿ" ಎಂದರು. ಎಳೆದೆ. ಆದರೆ ಅಷ್ಟರಲ್ಲಿ ವಾಸನೆ ಒಳಗೆ ಬಂದಾಗಿತ್ತು. ಶಿಕಾರಿಪುರಕ್ಕೆ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಬಂದವಳು ನಾನು. ಊಟ ಮುಗಿಸಿ ಚಿತ್ರದುರ್ಗದ ಬಸ್ಸು ಹತ್ತಬೇಕಾದವಳು ಸೊರಬದ ಬಸ್ಸು ಹತ್ತಿ ಕೂತಿದ್ದೆ. ಏಳು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡ ದಾರಿ ಅದು.

ನನಗೆ ಗಾಜಿನ ಹುಚ್ಚು. ನೆಟ್ಟಗೆ ಹೇಳಬೇಕೆಂದರೆ ಗಾಜಿನ ದುರಾಸೆ. ಹೈಸ್ಕೂಲಿನಲ್ಲಿದ್ದಾಗ ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ಒಬ್ಬಾತ ನನ್ನ ಕಣ್ಣೆದುರಿಗೇ ಉರಿಯಲ್ಲಿ ಗಾಜಿನ ಕಡ್ಡಿ ತಿರುಗಿಸಿ, ಎಳೆದು, ಬಗ್ಗಿಸಿ ಹೆಬ್ಬೆರಳಷ್ಟು ಹಂಸ ಮಾಡಿಕೊಟ್ಟಿದ್ದ. ಅಲ್ಲಿಂದ ಶುರು. ಆನೆ, ಜಿಂಕೆ, ದ್ರಾಕ್ಷಿ ಗೊಂಚಲು, ಒಳಗೆ ಬಣ್ಣದ ಹೂವು ಅರಳಿದ ಪೇಪರ್‌ವೇಟು, ನೀಲಿ ಹೊಟ್ಟೆಯ ಮೀನು. ಹಬ್ಬಕ್ಕೊಮ್ಮೆ ಅವನ್ನೆಲ್ಲ ಅಂಟುವಾಳದ ನೀರಿನಲ್ಲಿ ತೊಳೆದು ಹಳೆಯ ಪಂಚೆಯ ಮೇಲೆ ಒಣಗಿಸುತ್ತಿದ್ದೆ. "ಒಂದು ಲೋಟ ನೆಟ್ಟಗೆ ತೊಳೆಯದವಳು ಇದಕ್ಕೆ ಮಾತ್ರ ಬಾಣಂತನ ಮಾಡ್ತಾಳೆ" ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಮುಂದೆ ರಸಾಯನಶಾಸ್ತ್ರದ ಉಪನ್ಯಾಸಕಿಯಾದೆ. ಗಾಜು ಅಲ್ಲಿಯೂ ಬಿಡಲಿಲ್ಲ.

ಏಳೆಂಟು ವರ್ಷದ ಹಿಂದೆ ನನ್ನನ್ನು ಶಿಕಾರಿಪುರದ ಕಾಲೇಜೊಂದಕ್ಕೆ ನಿಯೋಜನೆಯ ಮೇಲೆ ಹಾಕಿದ್ದರು. ಒಂದೇ ವರ್ಷ. ಜೂನ್‌ನಲ್ಲಿ ಹೋಗಿ ಪ್ರಯೋಗಾಲಯದ ಬೀಗ ತೆಗೆಸಿದರೆ ಅರ್ಧಕ್ಕರ್ಧ ಸಾಮಾನು ಮುರಿದಿದೆ. ಬ್ಯುರೆಟ್ಟುಗಳ ಮೂತಿ ಹೋಗಿದೆ, ಕಂಡೆನ್ಸರಿನ ಕಿವಿ ಹಾರಿದೆ. ಹೊಸದಕ್ಕೆ ಬರೆದು ಹಾಕುತ್ತೇನೆ ಎಂದಾಗ ಅಟೆಂಡರ್, "ಬರಕೊಂಡು ಕುಂತ್ರ ಪರೀಕ್ಷಿ ಮುಗೀತೈತಿ. ಸೊರಬದಾಗ ಗಾಜಿನ ಬಸವಣ್ಯಪ್ಪ ಅದಾನ, ಒಯ್ದು ಕೊಡ್ರಿ, ಮೂತಿ ಕೂರಿಸಿ ಕೊಡ್ತಾನ" ಎಂದ. ಮರು ಭಾನುವಾರವೇ ಮುರುಕು ಗಾಜನ್ನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಹೊರಟೆ.

ಬಸವಣ್ಯಪ್ಪ ಹುಟ್ಟಿದ್ದು ಈಸೂರಿನ ಒಕ್ಕಲುತನದ ಮನೆಯಲ್ಲಿ. ಚಿಕ್ಕಂದಿನಲ್ಲೇ ಪುಣೆಯ ಕಡೆ ಹೋಗಿ, ಪ್ರಯೋಗಾಲಯದ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಗಾಜು ಊದುವ ಕೆಲಸ ಕಲಿತು, ಮೂವತ್ತು ವರ್ಷ ಅಲ್ಲೇ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ ಸೊರಬದಲ್ಲಿ ಮಗಳ ಮನೆಗೆ ಬಂದಿದ್ದರು. ಮಗಳು ನಾಗರತ್ನ ಅಂಗನವಾಡಿ ಶಿಕ್ಷಕಿ. ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಮೇಜು, ಒಂದು ಉರಿಕೊಳವೆ, ಅಡುಗೆ ಗ್ಯಾಸಿನದೊಂದು ಸಿಲಿಂಡರು, ಆಮ್ಲಜನಕದ್ದೊಂದು. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಅವರು ಬೇಸರ ಕಳೆಯಲು ಮಾಡಿದ ಗೊಂಬೆಗಳು. ಕೊಕ್ಕರೆ, ಕುರಿಮರಿ, ಬಾಲ ಎತ್ತಿದ ಅಳಿಲು, ಭತ್ತದ ತೆನೆ. ತೆನೆಯ ಒಂದೊಂದು ಕಾಳೂ ಬೇರೆ ಬೇರೆ. ನಾನು ರಟ್ಟಿನ ಡಬ್ಬ ಕೆಳಗಿಡುವುದನ್ನೂ ಮರೆತು ನಿಂತಿದ್ದೆ.

"ಡಬ್ಬಿ ಇಳಸ್ರಿ ಮೇಡಮ್, ಅವು ಎಲ್ಲೂ ಓಡಿ ಹೋಗಂಗಿಲ್ಲ" ಎಂದರು ಅವರು. ಅದು ನಾವು ಆಡಿದ ಮೊದಲ ಮಾತು.

ಆಮೇಲೆ ಭಾನುವಾರಗಳೆಲ್ಲ ಸೊರಬದಲ್ಲೇ ಕಳೆದವು. ಗುಲಾಬಿ ಗಾಜಿನ ಕನ್ನಡಕ ಹಾಕಿಕೊಂಡು ಅವರ ಎದುರು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಬಿಸಿಯಾದ ಗಾಜಿನಿಂದ ಏಳುವ ಹಳದಿ ಉರಿ ಆ ಕನ್ನಡಕದಲ್ಲಿ ಮಾಯವಾಗಿ ಗಾಜು ಮಾತ್ರ ಉಳಿಯುತ್ತದೆ. ಅರದಿಂದ ಗೀರಿ, ಒದ್ದೆ ಬೆರಳು ಮುಟ್ಟಿಸಿ, ಕೊಳವೆಯನ್ನು ಕಡ್ಡಿ ಮುರಿದಂತೆ ಮುರಿಯುತ್ತಿದ್ದರು. ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ಉರಿಯೊಳಗೆ ತಿರುಗಿಸುವುದು. ಎರಡೂ ಕೈ ಒಂದೇ ವೇಗದಲ್ಲಿ ತಿರುಗಬೇಕು. ಒಂದು ಕೈ ಒಂದು ಕೂದಲಷ್ಟು ಹಿಂದೆ ಬಿದ್ದರೂ ಗಾಜು ತಿರುಚುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತದೆ. ಕಿತ್ತಳೆ ಬಣ್ಣಕ್ಕೆ ಬಂದು ಜೋಲತೊಡಗಿದ ಕೂಡಲೇ ಉರಿಯಿಂದ ಹೊರಗೆ ತೆಗೆದು ತುದಿಗೆ ಬಾಯಿಟ್ಟು ಊದುವರು. ನಾನು ಎದೆ ತುಂಬ ಉಸಿರು ಎಳೆದು ಊದಿದಾಗ ಗುಳ್ಳೆ ಪಟ್ಟನೆ ಒಡೆದು ಮೇಜಿನ ತುಂಬ ಗಾಜಿನ ಪೊರೆ ಹಾರಿತು. ಅವರು ನಕ್ಕರು. "ಎದಿಯಿಂದ ಅಲ್ರಿ, ಗಲ್ಲದಿಂದ. ಕೂಸಿನ ಕಣ್ಣಾಗ ಕಸ ಬಿದ್ರ ಹೆಂಗ ಊದ್ತೀರಿ, ಹಂಗ."

ಆದರೆ ಅವರು ನನಗೆ ಮತ್ತೆ ಮತ್ತೆ ಹೇಳಿದ್ದು ಊದುವುದರ ಬಗ್ಗೆಯಲ್ಲ, ಆರಿಸುವುದರ ಬಗ್ಗೆ. ಗಾಜು ಅವಸರದಲ್ಲಿ ಆರಬಾರದು. ತೆಳುವಾದ ಜಾಗ ಬೇಗ ಗಟ್ಟಿಯಾಗಿ ದಪ್ಪ ಜಾಗ ಒಳಗೊಳಗೇ ಎಳೆಯತೊಡಗುತ್ತದೆ. ಆ ಎಳೆತ ಕಣ್ಣಿಗೆ ಕಾಣುವುದಿಲ್ಲ, ಒಂದು ಗಂಟೆಗೋ ಒಂದು ವಾರಕ್ಕೋ ಗಾಜನ್ನು ಸೀಳುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ವಿದ್ಯುತ್ ಒಲೆಯಿತ್ತು. ಇಲ್ಲಿ ಬಸವಣ್ಯಪ್ಪ ಪಕ್ಕದ ಗಿರಣಿಯ ಹೊಟ್ಟನ್ನು ನಂಬಿದ್ದರು. ಹಿತ್ತಲಿನ ಗುಂಡಿಯಲ್ಲಿ ಹೊಟ್ಟು ತುಂಬಿ, ನಡುವೆ ದಪ್ಪ ಕಬ್ಬಿಣದ ಪೆಟ್ಟಿಗೆ ಹುಗಿದು, ಕೆಳಗಿನಿಂದ ಕೆಂಡ ಹಾಕುವರು. ಹೊಟ್ಟು ಉರಿಯದೆ ಬರೀ ಕನಲುತ್ತ ರಾತ್ರಿಯೆಲ್ಲ ಏರಿ, ಬೆಳಿಗ್ಗೆ ತುಂಬು ಕಾವಿಗೆ ಬಂದು, ಅದೇ ದಿನ ಸಂಜೆಯವರೆಗೆ ನಿಧಾನಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಮನೆಯವರ ಹೆಸರನ್ನೆಲ್ಲ ಹೇಳಿ ಮುಗಿಸುವಷ್ಟು ಹೊತ್ತು ತಡೆಯಲು ಆದರೆ ಮಾತ್ರ ಮುಚ್ಚಳ ತೆಗೆಯುವುದು. ಇದನ್ನು ನಾನು ತರಗತಿಯಲ್ಲಿಯೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ದೀಪಾವಳಿ ಕಳೆದ ಮೇಲೆ ಅವರ ಬಲಗೈ ಆಗಾಗ ನಡುಗುವುದು ಕಂಡಿತು. ಕೊಳವೆ ಹಿಡಿದಾಗಲ್ಲ, ಚಹಾ ಲೋಟ ಹಿಡಿದಾಗ. ನಾಗರತ್ನ ಹೆದರಿದ್ದಳು. "ಎಂತಕ್ಕೆ ಬೇಕು ಈ ವಯಸ್ಸಲ್ಲಿ ಬೆಂಕಿ ಜೊತೆ ಆಟ? ನೀವಾದ್ರೂ ಹೇಳಿ ಮೇಡಮ್. ಎರಡೆರಡು ಸಿಲಿಂಡರ್ ಇಟ್ಕೊಂಡು ಕೂರ್ತಾರೆ, ನಾನು ಅಂಗನವಾಡೀಲಿ ಮಕ್ಕಳಿಗೆ ಹಾಡು ಹೇಳಿಕೊಡ್ತಾ ಇದ್ರೂ ಜೀವ ಇಲ್ಲೇ ಇರುತ್ತೆ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಮಗಳ ಜಗಳ ಒಂದು ವಾರ ನಡೆಯಿತು. ಕೊನೆಗೆ ಬಸವಣ್ಯಪ್ಪ ನನ್ನ ಎದುರಿಗೇ ಒಂದು ಒಪ್ಪಂದ ಮಾಡಿದರು. ಬಳ್ಳಿಗಾವಿಯ ಕಂಬದ ಮೇಲಿನ ಗಂಡಭೇರುಂಡವನ್ನು ಗಾಜಿನಲ್ಲಿ ಮಾಡುವುದು ಅವರ ಬಹುದಿನದ ಆಸೆ.

"ಅಲ್ಲಿರೋದು ಮನುಷ್ಯಾರ ಮೈ, ನಾನು ಹಕ್ಕಿ ಮೈ ಮಾಡ್ತೀನಿ. ಕುತ್ತಿಗಿ ತಂದು ಅಂಟಸಾದು ಯಾರ ಬೇಕಾದ್ರೂ ಮಾಡ್ತಾರ. ಒಂದೇ ಉಸಿರಿನ ಗುಳ್ಳಿಯಿಂದ ಎರಡೂ ಕುತ್ತಿಗಿ ಎಳೀಬೇಕು. ಕಾರ್ಖಾನ್ಯಾಗ ನಮ್ಮ ಉಸ್ತಾದಗೂ ಆಗಿದ್ದಿಲ್ಲ. ಅದು ನಿಂತ್ರ ನನ್ನ ಕೈ ಗಟ್ಟಿ ಐತಿ ಅಂತ ಲೆಕ್ಕ, ನೀ ಸುಮ್ಕಿರಬೇಕು. ಒಡೀತೋ, ನಾನೇ ಉರಿ ಆರಸ್ತೀನಿ, ಮತ್ತ ಹಚ್ಚಂಗಿಲ್ಲ."

"ಈಸೂರಿನ ಹಟ" ಎಂದು ನಾಗರತ್ನ ನನ್ನ ಕಡೆ ನೋಡಿ ತಲೆ ಚಚ್ಚಿಕೊಂಡಳು. ಆದರೆ ಒಪ್ಪಿದಳು. ಜನವರಿಯಲ್ಲಿ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನವಿತ್ತು. ಹಕ್ಕಿಯನ್ನು ಅಲ್ಲಿಡುವುದು, ಮಕ್ಕಳೆದುರು ಗಾಜು ಊದಿ ತೋರಿಸುವುದು, ಎಲ್ಲ ಸರಿಹೋದರೆ ಆಸಕ್ತಿ ಇರುವವರಿಗೆ ಪ್ರತಿ ಭಾನುವಾರ ಕಲಿಸುವುದು ಎಂದು ನಾನೇ ಏರ್ಪಾಡು ಮಾಡಿದೆ. ಆ ದಿನಗಳಲ್ಲಿ ಅವರು ಹತ್ತು ವರ್ಷ ಚಿಕ್ಕವರಾದಂತೆ ಓಡಾಡುತ್ತಿದ್ದರು.

ಪ್ರದರ್ಶನಕ್ಕೆ ಮೂರು ದಿನ ಮುಂಚೆ ರಜೆ ಹಾಕಿ ಸೊರಬಕ್ಕೆ ಹೋದೆ. ಮಧ್ಯಾಹ್ನ ಮೂರಕ್ಕೆ ಉರಿ ಹಚ್ಚಿದವರು ಸೂರ್ಯ ಮುಳುಗುವವರೆಗೆ ಎದ್ದಿರಲಿಲ್ಲ. ಗುಳ್ಳೆ ದೊಡ್ಡದಾಯಿತು, ಅದರ ನೆತ್ತಿಯ ಎರಡು ಜಾಗಕ್ಕೆ ಮಾತ್ರ ಚೂಪು ಉರಿ ತಾಗಿಸಿ, ಊದುತ್ತ ಎಳೆದರು. ಎರಡು ಮೊಗ್ಗು ಎದ್ದವು, ಕುತ್ತಿಗೆಗಳಾದವು, ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿದವು. ಆ ಹೊತ್ತಿನಲ್ಲಿ ಅವರ ಕೈ ಒಂದು ಸಲವೂ ನಡುಗಲಿಲ್ಲ. ನಾನು ನೋಡುತ್ತಲೇ ಇದ್ದೆ, ಒಂದು ಸಲವೂ ಇಲ್ಲ. ಹಕ್ಕಿಯನ್ನು ಪೆಟ್ಟಿಗೆಗೆ ಇಳಿಸಿ, ಹೊಟ್ಟು ಮುಚ್ಚಿ, ಕೆಂಡ ಹಾಕಿದರು. ಮರುದಿನ ಈಸೂರಿನಲ್ಲಿ ಅಣ್ಣನ ಕಣದಲ್ಲಿ ಒಕ್ಕಣೆ, ಮೊದಲ ಬಸ್ಸಿಗೇ ಹೋಗಬೇಕಿತ್ತು. "ಮೇಡಮ್, ಪೆಟಿಗಿ ನಿಮ್ಮ ಸುಪರ್ದಿಗೆ. ಸಂಜಿಗೆ ನಾನು ಬರೋಮಟ ಯಾರೂ ಮುಟ್ಟಬಾರದು, ಬೆಕ್ಕೂ ಮುಟ್ಟಬಾರದು" ಎಂದರು. ನಾನು ಆ ದಿನ ನಾಗರತ್ನಳ ಮನೆಯಲ್ಲೇ ಉಳಿದೆ.

ಈಗ ನನ್ನ ದುರಾಸೆಯ ಮಾತು. ಗಾಜಿನ ಗೊಂಬೆ ಕೂಡಿಡುವವರದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು. ದೇಶ ವಿದೇಶದ ಗಾಜನ್ನೆಲ್ಲ ತಂದು ಗುಡ್ಡೆ ಹಾಕಿಕೊಂಡ ಮನುಷ್ಯ. ನಾನು ಏನೇ ಚಿತ್ರ ಹಾಕಲಿ, 'ಚೆನ್ನಾಗಿದೆ, ಆದರೆ ಸಾಮಾನ್ಯ' ಎಂದು ಬರೆಯುತ್ತಿದ್ದರು. ಹಕ್ಕಿ ಪೆಟ್ಟಿಗೆ ಸೇರಿದ ಸಂಜೆ ನಾನು ಉಬ್ಬಿಹೋಗಿ, 'ನೀವು ಜನ್ಮದಲ್ಲಿ ಕಾಣದ್ದನ್ನು ನಾಳೆ ಬೆಳಿಗ್ಗೆ ತೋರಿಸುತ್ತೇನೆ' ಎಂದು ಬರೆದುಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅವರದೇ ಸಂದೇಶ: 'ಕಾಯುತ್ತಿದ್ದೇವೆ.' ಅದರ ಕೆಳಗೆ ಒಂದು ನಗುವ ಮುಖ. ಆ ನಗುವ ಮುಖ ನನ್ನನ್ನು ಕೆಣಕಿತು. ನಾಚಿಕೆಯಾಗುತ್ತದೆ, ಆದರೆ ಇಷ್ಟೇ ಕಾರಣ, ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಬಸವಣ್ಯಪ್ಪ ಹೋಗಿಯಾಗಿತ್ತು. ನಾಗರತ್ನ ಸ್ನಾನಕ್ಕೆ ಹೋಗಿದ್ದಳು. ಏಳೂವರೆ ಇರಬೇಕು, ಹಿತ್ತಲ ತುಂಬ ಇಬ್ಬನಿ, ಹೊಟ್ಟಿನ ಗುಂಡಿಯಿಂದ ತೆಳ್ಳಗೆ ಹೊಗೆ. ಸಲಿಕೆಯಿಂದ ಹೊಟ್ಟು ಸರಿಸಿ ಮುಚ್ಚಳ ಎತ್ತಿದೆ. ಮುಖಕ್ಕೆ ಝಳ ಹೊಡೆಯಿತು. ಆ ಕಾವಿನಲ್ಲಿ ಗಾಜು ಕೆಂಪಗಿರುವುದಿಲ್ಲ, ಹೊಗೆ ಬಿಡುವುದಿಲ್ಲ, ತಣ್ಣಗಿನ ಗಾಜಿನ ಹಾಗೆಯೇ ಕಾಣುತ್ತದೆ. ತುದಿಗೆ ಕಲ್ನಾರು ಸುತ್ತಿದ ಚಿಮಟದಲ್ಲಿ ಹಕ್ಕಿಯನ್ನು ಎತ್ತಿ, ಬಾವಿಕಟ್ಟೆಯ ಹತ್ತಿರ ಬೆಳಕು ಚೆನ್ನಾಗಿತ್ತೆಂದು ಅಲ್ಲಿದ್ದ ಮಣೆಯ ಮೇಲಿಟ್ಟೆ. ಎರಡು ಕುತ್ತಿಗೆಯ ನಡುವೆ ಎಳೆಬಿಸಿಲು ಬಂದು ಕೂತಿತು. ನಾಲ್ಕು ಫೋಟೋ ತೆಗೆದೆ, ಒಂದು ಸರಿ ಬರಲಿಲ್ಲವೆಂದು ಮತ್ತೊಂದು. ಎಲ್ಲ ಸೇರಿ ಮೂರು ನಿಮಿಷ. ಅಷ್ಟು ಹೊತ್ತೂ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಹಕ್ಕಿಯನ್ನು ವಾಪಸ್ ಇಟ್ಟು ಹೊಟ್ಟು ಎಳೆದು ಮುಚ್ಚುವಾಗ ಮಣೆಯ ಮೇಲೆ ಕಂದು ಬಣ್ಣದ ಸುಟ್ಟ ಗುರುತು ಕಂಡಿತು. ಮಣೆಯನ್ನು ಮಗುಚಿ ಹಾಕಿದೆ. ಆ ಒಂದು ಕೆಲಸದಿಂದ ನನಗೇ ತಿಳಿಯಿತು, ನಾನು ಮಾಡಿದ್ದು ಏನು ಎಂದು. ಎಂಜಿನಿಯರ್ ಸಾಹೇಬರು ಈ ಸಲ 'ಅದ್ಭುತ' ಎಂದು ಬರೆದರು.

ಸಂಜೆ ಬಸವಣ್ಯಪ್ಪ ಬಂದು ಮೈಮೇಲಿನ ಭತ್ತದ ಧೂಳು ಕೂಡ ಕೊಡವಿಕೊಳ್ಳದೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ತೀರಿಹೋದ ಹೆಂಡತಿಯ ಹೆಸರಿನಿಂದ ಶುರು ಮಾಡಿ ಎಲ್ಲರ ಹೆಸರು ಹೇಳಿದರು. ಕೊನೆಗೆ ನನ್ನ ಹೆಸರನ್ನೂ ಸೇರಿಸಿದರು. ಮುಚ್ಚಳ ತೆಗೆದು ಹಕ್ಕಿಯನ್ನು ಎತ್ತಿ ಉಗುರಿನಿಂದ ಮೀಟಿದರು. ಗಂಟೆಯಂಥ ಸದ್ದು ಬಂತು. "ನಿಂತೈತಿ ನೋಡವಾ" ಎಂದು ಹಕ್ಕಿಯನ್ನು ಮಗಳ ಕಡೆ ಹಿಡಿದರು. "ಆಯ್ತಪ್ಪ, ನೀನೇ ಗೆದ್ದೆ" ಎಂದು ನಾಗರತ್ನ ನಗುತ್ತಲೇ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಏನೂ ಆಗಿಲ್ಲವಲ್ಲ, ಇನ್ನು ಹೇಳಿ ಅವರ ಸಂತೋಷ ಯಾಕೆ ಕೆಡಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಾಜಿನೊಳಗಿನ ಎಳೆತವನ್ನು ನೋಡುವ ಪೋಲರಾಯ್ಡ್ ಹಾಳೆಗಳು ನಮ್ಮ ಭೌತಶಾಸ್ತ್ರದ ಬೀರುವಿನಲ್ಲಿದ್ದವು. ಎರಡು ಹಾಳೆಯ ನಡುವೆ ಹಕ್ಕಿಯನ್ನು ಹಿಡಿದಿದ್ದರೆ ತಿಳಿದುಬಿಡುತ್ತಿತ್ತು. ಒಲೆಗೆ ಮತ್ತೊಮ್ಮೆ ಹಾಕಿ ಉಳಿಸಿಕೊಳ್ಳಬಹುದಿತ್ತು. ತಿಳಿಯುವುದು ನನಗೆ ಬೇಕಿರಲಿಲ್ಲ. ಬೀರುವಿನ ಕಡೆ ಹೋಗಲೇ ಇಲ್ಲ.

ಪ್ರದರ್ಶನದ ದಿನ ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಹಕ್ಕಿ ಕೂತಿತ್ತು. ಬಸವಣ್ಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅದರ ಪಕ್ಕದಲ್ಲಿ ನಿಂತಿದ್ದರು. ಹನ್ನೊಂದೂವರೆಯ ಸುಮಾರಿಗೆ ಪ್ರಾಂಶುಪಾಲರು ಬಂದರು, ಮಕ್ಕಳು ಸುತ್ತುವರಿದಿದ್ದರು. ಯಾರೂ ಮೇಜು ಮುಟ್ಟಿರಲಿಲ್ಲ. ಕಡಲೆಕಾಯಿ ಸುಲಿದಂತೆ ಟಿಕ್ಕೆಂದು ಸಣ್ಣ ಸದ್ದು. ಬಲಗಡೆಯ ಕುತ್ತಿಗೆ ಬುಡದಲ್ಲಿ ಬಿಟ್ಟುಕೊಂಡು ಬಟ್ಟೆಯ ಮೇಲೆ ಜಾರಿತು. ನೋಡುತ್ತಿದ್ದಂತೆ ಎದೆಯವರೆಗೆ ಸೀಳು ಇಳಿದು ಹಕ್ಕಿ ಎರಡಾಯಿತು. ಹುಡುಗಿಯರು ಅಯ್ಯೋ ಎಂದರು.

ಬಸವಣ್ಯಪ್ಪ ಕನ್ನಡಕ ಹಾಕಿಕೊಂಡು ಚೂರನ್ನು ಎತ್ತಿ ಒಡೆದ ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕವಲಿನ ಹತ್ರಾನೇ ಬಿಟ್ಟೈತಿ. ಆರಿಸಿದ್ರಾಗ ತಪ್ಪಿಲ್ಲ, ಪೆಟಿಗಿ ಮುಟ್ಟಿ ನೋಡೇ ತೆಗದೀನಿ. ಕೈ ಸಮ ತಿರುಗಿಲ್ಲ" ಎಂದರು. ಪ್ರಾಂಶುಪಾಲರು ಅವರ ಬೆನ್ನು ತಟ್ಟಿ, "ಬಿಡ್ರಿ ಯಜಮಾನ್ರೇ, ಗಾಜಲ್ವಾ" ಎಂದರು. ಬಸವಣ್ಯಪ್ಪ ನನ್ನ ಮುಖ ನೋಡಿದರು. ಅಷ್ಟು ಜನರ ನಡುವೆ ನಾನು ಆಡಿದ ಮಾತು, "ಹೌದು, ಗಾಜಲ್ವಾ" ಎಂಬುದು. ಸಹೋದ್ಯೋಗಿಗಳ ಮುಂದೆ ಮಾನ ಹೋಗುತ್ತದೆ ಎಂಬ ಭಯ ಒಂದು. ಆ ಶೆಡ್ಡಿನ ಬಾಗಿಲು ನನಗೆ ಮುಚ್ಚಿಹೋಗುತ್ತದೆ ಎಂಬ ಭಯ ಅದಕ್ಕಿಂತ ದೊಡ್ಡದು. ಅವರು ಆ ದಿನ ಮಕ್ಕಳೆದುರು ಉರಿ ಹಚ್ಚಲಿಲ್ಲ. ನಾನು ಸಂಜೆ ಕೋಣೆಗೆ ಹೋಗಿ ಆ ಐದೂ ಫೋಟೋ ಅಳಿಸಿ, ಗುಂಪಿನಿಂದ ಹೊರಬಂದೆ.

ಎರಡು ವಾರ ನಿದ್ದೆ ಬರಲಿಲ್ಲ. ಕೊನೆಗೆ ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಸೊರಬಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಶೆಡ್ಡಿನಲ್ಲಿ ಸಿಲಿಂಡರುಗಳು ಇರಲಿಲ್ಲ. ಉರಿಕೊಳವೆಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಎರಡು ಮರದ ಟ್ರೇ ತಂದು ನನ್ನ ಮುಂದಿಟ್ಟರು. ಕೊಕ್ಕರೆ, ಕುರಿಮರಿ, ಅಳಿಲು, ಭತ್ತದ ತೆನೆ, ಒಟ್ಟು ಮೂವತ್ತೊಂದು, ಎಲ್ಲ ಹುಲ್ಲಿನಲ್ಲಿ ಬೆಚ್ಚಗೆ ಮಲಗಿದ್ದವು. "ಇವನ್ನ ನೋಡಿದ್ರ ನನಗ ಸಂಕಟ ಆಕೈತಿ. ನಿಮ್ಮ ಕಪಾಟಿನಾಗ ಇರ್ಲಿ. ನಿಮ್ಮಷ್ಟು ಜ್ವಾಕಿ ಮಾಡೋರು ಯಾರದಾರ?"

ನಾನು ಬೇಡ ಎನ್ನಲಿಲ್ಲ. ಎರಡೂ ಕೈಯಿಂದ ಟ್ರೇ ಹಿಡಿದುಕೊಂಡೆ. ತೆನೆಯ ಒಂದು ಕಾಳೂ ಅಲುಗದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ, ನಾನು ಹೇಳಲು ಹೋದದ್ದನ್ನು ಹೇಳಿಲ್ಲ ಎಂಬುದು ಶಿರಾಳಕೊಪ್ಪ ಬರುವವರೆಗೆ ನೆನಪಾಗಲಿಲ್ಲ. ಮೇ ತಿಂಗಳಲ್ಲಿ ನಿಯೋಜನೆ ಮುಗಿಯಿತು, ಚಿತ್ರದುರ್ಗಕ್ಕೆ ಮರಳಿದೆ. ಮನೆಗೆ ಬಂದವರೆಲ್ಲ ಆ ಮೂವತ್ತೊಂದನ್ನೇ ಹೊಗಳುತ್ತಾರೆ. ಯಾರು ಮಾಡಿದ್ದು ಎಂದು ಕೇಳಿದಾಗಲೆಲ್ಲ ಹೆಸರು ಹೇಳುತ್ತೇನೆ, ಈಗ ಯಾಕೆ ಮಾಡುತ್ತಿಲ್ಲ ಎಂದರೆ ವಯಸ್ಸಾಯಿತು ಎನ್ನುತ್ತೇನೆ.

ಕಳೆದ ತಿಂಗಳು ಸೊರಬದಲ್ಲಿ ಇಳಿದು ಆ ಮನೆಯ ಬಾಗಿಲು ತಟ್ಟಿದಾಗ ನಾಗರತ್ನ ಗುರುತು ಹಿಡಿದು, "ಅಯ್ಯೋ ಮೇಡಮ್, ಈಗ ದಾರಿ ಕಾಣ್ತಾ?" ಎಂದು ಕೈಹಿಡಿದು ಒಳಗೆ ಕರೆದಳು. ಬಸವಣ್ಯಪ್ಪ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಹಳ ಬಡವಾಗಿದ್ದರು. ಬಲಗೈ ಈಗ ಬಿಡದೆ ನಡುಗುತ್ತಿತ್ತು, ಸುಲಿದ ಕಾಳು ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ ಬೀಳುತ್ತಿತ್ತು. ನಾಗರತ್ನ ಚಹಾಕ್ಕೆಂದು ಒಳಗೆ ಹೋದಳು. ಅವಳು ಬರುವುದರೊಳಗೆ ಹೇಳದಿದ್ದರೆ ಇನ್ನು ಹೇಳಲಾರೆ ಎಂದು ಗೊತ್ತಿತ್ತು. ಎದುರಿಗೆ ಕೂತು ಎಲ್ಲ ಹೇಳಿದೆ. ಬೆಳಿಗ್ಗೆ ಪೆಟ್ಟಿಗೆ ತೆರೆದದ್ದು, ಫೋಟೋ, ಮಗುಚಿದ ಮಣೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಎಷ್ಟೊತ್ತಿಗೆ ತೆಗದ್ರಿ?"

"ಏಳೂವರೆಗೆ."

"ತುಂಬು ಕಾವಿನ್ಯಾಗ. ಮುಚ್ಚಳ?"

"ತೆರೆದೇ ಇತ್ತು."

"ಹಂಗಾರ ನಿಲ್ಲಾಕ ಸಾಧ್ಯಾನೇ ಇಲ್ಲ. ದೇವರು ಊದಿದ್ರೂ ನಿಲ್ತಿದ್ದಿಲ್ಲ" ಎಂದರು. ಒಂದು ಕ್ಷಣ ಅವರ ಮುಖದಲ್ಲಿ ಬೆಳಕು ಕಂಡಿತು. "ಅಂದ್ರ ತಿರುವಿದ್ದು ಸಮ ಇತ್ತು." ಮಡಿಲಿನಲ್ಲಿ ನಡುಗುತ್ತಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದು ನೋಡಿಕೊಂಡರು. ಆಮೇಲೆ ಆ ಬೆಳಕು ಹೋಯಿತು. "ಏಳು ವರ್ಷ ಈ ಕೈಗೆ ಬೈದೀನ್ರಿ ನಾನು."

ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ" ಎಂದೆ.

ಬಸವಣ್ಯಪ್ಪ ಸಿಟ್ಟಾಗಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನನ್ನೇ ನೋಡಿದರು.

"ಅದಕ್ಕ ಧೈರ್ಯ ಯಾಕ ಬೇಕಿತ್ರಿ ಮೇಡಮ್? ಆವತ್ತೇ ಹೇಳಿದ್ರ ಎರಡು ಮಾತು ಬೈತಿದ್ದೆ. ಮರುದಿನ ಕುಂತು ಇನ್ನೊಂದು ಮಾಡ್ತಿದ್ದೆ."